ಬೈನೆಯ ಮನೆಹೆಸರು

ಒಂಟಿ ಬಿದಿರಿನ ಏಣಿ; ಕವಲು ಕಡಿದ ಮೋಟುಗಳೇ ಮೆಟ್ಟಿಲು.
ಕುಡಿಯರ ಬೆಳ್ಯಪ್ಪ ಹತ್ತಿದ.
ನಾನು ಕೆಳಗೆ ಪ್ಲಾಸ್ಟಿಕ್ ಕವರಿನ ಬಾಯಿ ಬಿಡಿಸಿಕೊಂಡು
ತೀರ್ಥಕ್ಕೆ ಕೈಯೊಡ್ಡಿದವಳ ಹಾಗೆ ನಿಂತೆ.
ಮೀನಿನ ಬಾಲದಂಥ ಎಲೆಯ ತುಣುಕೊಂದು
ತಿರುಗುತ್ತ ತಿರುಗುತ್ತ ಇಳಿಯಿತು.
‘ಇಷ್ಟೇ ಸಾಕಾ?’
‘ಉಗುರಿನಷ್ಟು ಸಾಕು.’
‘ಉಗುರಿನಷ್ಟಕ್ಕೆ ನಲವತ್ತು ಅಡಿ ಹತ್ತಿಸಿದಿರಲ್ಲ!’

ಯವಕಪಾಡಿ, ಬೆಳಗ್ಗೆ ಎಂಟು. ನಮೂನೆ ಹನ್ನೊಂದು.
ಕವರಿನೊಳಗೆ ಸಿಲಿಕಾ ಮಣಿಗಳು ನೀಲಿ,
ಪೊನ್ನಂಪೇಟೆ ಮುಟ್ಟುವಷ್ಟರಲ್ಲಿ ತೇವ ಕುಡಿದು ಗುಲಾಬಿ.
ಇಲ್ಲಿಯ ಗಾಳಿಗೆ
ಒಣಗಿದ್ದು ಯಾವುದೂ ಸೇರುವುದಿಲ್ಲ.

ಹಿಂದೆಲ್ಲ ಎಲೆ ನೋಡಿ ನೆಂಟಸ್ತಿಕೆ ಹೇಳುತ್ತಿದ್ದರು:
ಗರಿಯವರು ಇತ್ತ, ಬೀಸಣಿಗೆಯವರು ಅತ್ತ.
ಹಾಗಾಗಿ ಬೈನೆ ಅಡಿಕೆಯ ಪಂಕ್ತಿಯಲ್ಲಿ ಕೂತು
ಬಹಳ ವರ್ಷ ಉಂಡಿತು.
ಯಾರೂ ಏಳಿಸಲಿಲ್ಲ.

ನಾನು ಎಲೆಯನ್ನು ನೋಡುವುದಿಲ್ಲ, ಅರೆಯುತ್ತೇನೆ.
ಹೊಗೆಯಾಡುವ ದ್ರವ ಸಾರಜನಕ ಸುರಿದು
ಕಾಳುಮೆಣಸು ಕುಟ್ಟಿದ ಹಾಗೆ ಕುಟ್ಟಿ,
ಕಾಯಿಸಿ, ಸೋಸಿ, ತಣ್ಣನೆಯ ಸ್ಪಿರಿಟ್ಟಿಗೆ ಹನಿಸಿದರೆ
ಎಳೆ ಎಳೆಯಾಗಿ ಏನೋ ತೇಲುತ್ತದೆ,
ನಾಲ್ಕೇ ಅಕ್ಷರದ ಉದ್ದಾನುದ್ದ ಓಲೆ.
ಇಡೀ ಓಲೆ ಓದುವ ದುಡ್ಡು ನಮ್ಮಲ್ಲಿಲ್ಲ.
ಅಲ್ಲೊಂದು ಇಲ್ಲೊಂದು ಗುರುತು ಹಿಡಿಯುತ್ತೇವೆ:
ಎಂದೋ ನಕಲು ಮಾಡುವಾಗ ತಪ್ಪಿದ ಒಂದಕ್ಷರ,
ಆ ತಪ್ಪನ್ನೇ ತಪ್ಪದೆ ಬರೆದುಕೊಂಡು ಬಂದ
ಲಕ್ಷ ತಲೆಮಾರು.
ಒಂದೇ ತಪ್ಪು ಇಟ್ಟುಕೊಂಡವರು ಒಂದೇ ಮನೆಯವರು.

ಎರಡು ಸಲ ಕರೆಂಟು ಹೋಯಿತು.
ಮೂರನೆಯ ಸಲ ನೇರಳೆ ಬೆಳಕಿನಲ್ಲಿ
ಪಟ್ಟಿ ಪಟ್ಟಿ ಬೆಳಗಿತು ಜೆಲ್ಲು,
ಹನ್ನೊಂದರ ಸಾಲೊಂದು ಖಾಲಿ.
ತೇವಕ್ಕೆ ಎಲೆ ಕಂದಿತ್ತು. ಮತ್ತೆ ಹೋದರೆ
ಆನೆ ಆ ಮರವನ್ನು ಮಲಗಿಸಿ, ಸಿಗಿದು
ತಿರುಳು ತಿಂದು ಹೋಗಿತ್ತು. ಉಳಿದದ್ದು ಸಿಪ್ಪೆ, ಲದ್ದಿ,
ಮುರಿದ ಬಿದಿರೇಣಿ.

ಉಳಿದವರ ಅಕ್ಷರ ತಿಂಗಳಾದ ಮೇಲೆ ಬಂತು.
ಎಲ್ಲರಿಗಿಂತ ಮೊದಲು ಪಾಲು ತೆಗೆದುಕೊಂಡು ಹೊರಟದ್ದು ಬೆತ್ತ:
ಮುಳ್ಳು ಕೆರೆದು, ಬೆಂಕಿಗೆ ಬಗ್ಗಿಸಿ, ಹೆಣೆದು
ನಾನು ಕೂತಿದ್ದ ಕುರ್ಚಿ.
ತೆಂಗು, ಅಡಿಕೆ ಒಂದು ಜಗಲಿ.
ಗರಿಯೆಲೆಯ ಬೈನೆ ಮಾತ್ರ ಎದ್ದು ಹೋಗಿ
ಬೀಸಣಿಗೆಯವರ ಅಂಗಳದಲ್ಲಿ ನಿಂತಿತ್ತು,
ಶ್ರೀತಾಳೆಯ ಕೂಗಳತೆಯಲ್ಲಿ.
(ನಮ್ಮ ಶ್ರೀತಾಳೆ ಮಾಕುಟ್ಟದ ಘಾಟಿ ಇಳಿದಲ್ಲಿಯದು,
ತಾಯಿ ಸತ್ತ ಮೇಲೆ ಮೊಳೆತ ಮೊಣಕಾಲೆತ್ತರದ ಸಸಿ.
‘ಇದಕ್ಕೂ ಏಣಿ ಬೇಕಾ?’ ಎಂದು ಬೆಳ್ಯಪ್ಪ ನಕ್ಕಿದ್ದ.)

ಹೇಳಲು ಹೋದೆ. ಅವನು ಬೇರೊಂದು ಬೈನೆಯ
ಹೊಂಬಾಳೆಗೆ ಕೊಡತಿಯಿಂದ ಮೆಲ್ಲಗೆ ತಟ್ಟುತ್ತಿದ್ದ,
ಮಗು ಮಲಗಿಸುವ ಲಯದಲ್ಲಿ.
‘ಅದಕ್ಕೆ ಅಷ್ಟು ದೂರ ಹೋದಿರಾ?
ಶ್ರೀತಾಳೆ ಹೂಬಿಟ್ಟು ಸಾಯುತ್ತದೆ,
ಬೈನೆ ಹೂಬಿಟ್ಟು ಬಿಟ್ಟು ಸಾಯುತ್ತದೆ.
ಒಂದೇ ಮನೆ ಅಂತ ಗೊತ್ತಾಗುವುದಿಲ್ಲವಾ?’

ಉತ್ತರ ಸರಿ. ಲೆಕ್ಕ ತಪ್ಪು.
ಹೂಬಿಟ್ಟು ಸಾಯುವ ಬೆತ್ತವೂ ಉಂಟು ಎಲ್ಲೋ,
ಬಿದಿರು ಉಂಟು, ಅದು ಹುಲ್ಲಿನ ಕುಲ;
ಸಾವನ್ನು ಮನೆಹೆಸರು ಮಾಡಿಕೊಳ್ಳಲಾಗದು ಬೆಳ್ಯಪ್ಪ,
ಅಂದೆ. ಅವನು ತಟ್ಟುವುದು ನಿಲ್ಲಿಸಲಿಲ್ಲ.
ತುದಿಯಿಂದ ಕೆಳಗೆ ಗೊನೆ ಎಣಿಸಿ
‘ಇದಕ್ಕೆ ಇನ್ನು ಮೂರು’ ಎಂದ.

ಇಳಿದು, ಅಂಗಿಯ ಜೇಬಿನಿಂದ
ಬೀಡಿಕಟ್ಟಿನ ಖಾಲಿ ಕಾಗದ ಬಿಡಿಸಿದ.
ಒಳಗೆ ಉಗುರಿನಷ್ಟು ಎಲೆ, ಹಸಿ.
‘ಆನೆ ಬೀಳಿಸಿದ್ದರ ಬುಡದಲ್ಲಿ ಎದ್ದಿತ್ತು.
ಹನ್ನೊಂದರ ಮಗು.
ಅಮ್ಮನ ತಪ್ಪು
ಇದರಲ್ಲೂ ಇರಬೇಕಲ್ಲ, ನೋಡಿ.’